ಹನ್ನೊಂದರ ನೈಟ್

ಜೂನ್ ೧೭

ಪುಟ್ಟಿಗೆ,

ಮೊದಲು ಒಂದು ಕ್ಷಮೆಯಾಚನೆ. ಕಳೆದ ಪತ್ರದ ಎರಡನೆಯ ಪುಟದಲ್ಲಿ, ಮೇಲಿನಿಂದ ಐದನೆಯ ಸಾಲಿನಲ್ಲಿ, ‘ಶುಭಾಶಯ’ ಎಂದಿರಬೇಕಾದ ಕಡೆ ‘ಶುಭಾಷಯ’ ಎಂದು ಬರೆದುಬಿಟ್ಟಿದ್ದೇನೆ. ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಿ ಮೆಟ್ಟಿಲು ಹತ್ತುತ್ತಿರುವಾಗ ನೆನಪಾಯಿತು. ಮೂವತ್ತೊಂಬತ್ತು ವರ್ಷ ದಿನಪತ್ರಿಕೆಯ ಕರಡಚ್ಚು ತಿದ್ದಿದವನ ಕೈಯಿಂದ ಇಂಥದ್ದು ಬರಬಾರದಿತ್ತು. ಆ ಪತ್ರ ಇನ್ನೂ ನಿನ್ನ ಬಳಿ ಇದ್ದರೆ, ದಯವಿಟ್ಟು ಷಕಾರವನ್ನು ಹೊಡೆದುಹಾಕಿ ಶಕಾರ ಮಾಡು. ಪತ್ರ ಒಲೆ ಸೇರಿದ್ದರೆ ನಾನು ಬದುಕಿಕೊಂಡೆ.

ಇನ್ನು ನೀನು ಕಳುಹಿಸಿದ ಹೇಳಿಕೆಯ ವಿಷಯ. ಯಾವ ಯಾವ ದಿನ ಕೆಲಸದಲ್ಲಿದ್ದೆ ಎಂದು ಕಚೇರಿಯವರು ಬರಹದಲ್ಲಿ ಕೇಳಿದ್ದಾರೆ, ‘ಚೆನ್ನಾಗಿ ಬರೆದುಕೊಡು’ ಎಂದಿದ್ದೀಯೆ. ಬರೆದಿದ್ದೇನೆ. ನಿನ್ನ ಎಂಟು ಸಾಲುಗಳಲ್ಲಿ ಹನ್ನೊಂದು ಕಡೆ ಕೆಂಪು ಶಾಯಿ ಬಿದ್ದಿದೆ. ಅವನ್ನೆಲ್ಲ ಇಲ್ಲಿ ಪಟ್ಟಿ ಮಾಡಿ ನಿನ್ನನ್ನು ದಣಿಸುವುದಿಲ್ಲ. ಶುದ್ಧಪ್ರತಿ ಈ ಲಕೋಟೆಯಲ್ಲೇ ಇದೆ. ಸಹಿ ಮಾಡಿ ಕೊಡುವುದಷ್ಟೇ ಬಾಕಿ.

ಒಂದು ಮಾತು ಮಾತ್ರ ಹೇಳಲೇಬೇಕು. ನಾಲ್ಕು ಕಡೆ ‘ನೈಟ್’ ಎಂದು ಬರೆದಿದ್ದೀಯೆ. ರಾತ್ರಿ ಇದೆ, ಇರುಳಿದೆ, ಬೇಕಾದರೆ ನಿಶೆಯೂ ಇದೆ. ಮನೆಯಲ್ಲಿ ಮೂರು ಕುರ್ಚಿಗಳಿರುವಾಗ ನಾಲ್ಕನೆಯದನ್ನು ಬಾಡಿಗೆಗೆ ತರುವವರುಂಟೇ? ಇಪ್ಪತ್ತೆರಡು ವರ್ಷ ಕೋಳಿಮೊಟ್ಟೆಗಳ ನಡುವೆ ಇದ್ದೀಯೆ ನಿಜ. ಆದರೆ ಬೆಳೆದದ್ದು ನನ್ನ ಮನೆಯಲ್ಲಿ.

ಏಳು ಗಂಟೆಗೆ ಕೊನೆಯ ಟಪಾಲು ತೆಗೆಯುತ್ತಾರೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಣ್ಣ

*

ಜೂನ್ 19

ಅಣ್ಣನಿಗೆ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಕೈಸೇರಿತು. ನಿನ್ನ ಅಕ್ಷರ ಕಂಡ ಕೂಡಲೇ ಓದದೆ ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟುಬಂದೆ. ಶಾಲೆಯ ಪ್ರಬಂಧಗಳ ಕಾಲದಿಂದಲೂ ನೀನು ತಿದ್ದಿದ್ದನ್ನು ಮತ್ತೆ ನೋಡುವ ಅಭ್ಯಾಸ ನನಗಿಲ್ಲ. ನೋಡಿದರೆ ಬೇಜಾರಾಗುತ್ತದೆ.

ಯಾಕೆ ಬರೆಸಿಕೊಂಡೆ ಅಂತ ಹೇಳಿರಲಿಲ್ಲ. ನಮ್ಮ ಹ್ಯಾಚರಿಯಲ್ಲಿ ಹನ್ನೊಂದನೇ ತಾರೀಖಿನ ನೈಟ್ ಮೂರನೇ ಮಷೀನಿನ ಫ್ಯಾನ್ ಬೆಲ್ಟು ಕಿತ್ತುಹೋಗಿದೆ. ಯಾರೂ ನೋಡಿಕೊಳ್ಳಲಿಲ್ಲ. ಹದಿನೈದು ದಿನ ಕಾವಿಟ್ಟಿದ್ದ ಮೊಟ್ಟೆ, ಬೆಳಗಾಗುವಷ್ಟರಲ್ಲಿ ತಣ್ಣಗಾಗಿ ಎಲ್ಲವೂ ಸತ್ತುಹೋದವು. ಟ್ರೇಗಳನ್ನು ಹೊರಗೆ ಸಾಲಾಗಿ ಇಟ್ಟಿದ್ದರು. ಹೊಣೆ ಯಾರದೋ ಅವರಿಗೆ ಕೆಲಸ ಇಲ್ಲ ಅಂತ ಮ್ಯಾನೇಜರ್ ಹೇಳಿದ್ದಾರೆ. ಪಟ್ಟಿಯಲ್ಲಿ ಹನ್ನೊಂದು ನನ್ನ ಹೆಸರಿನಲ್ಲೇ ಇತ್ತು. ಆದರೆ ನನ್ನ ಜೊತೆ ಕೆಲಸ ಮಾಡುವ ಮೀಸೆಯವರಿಗೆ ಏನೋ ಕೆಲಸ ಇತ್ತು ಅಂತ ಏಳರ ನೈಟ್ ಅವರ ಬದಲು ನಾನು ಮಾಡಿದ್ದೆ, ನನ್ನ ಹನ್ನೊಂದನ್ನು ಅವರು ಮಾಡಿದರು. ಇಂಥ ಬದಲಾವಣೆ ನಮ್ಮಲ್ಲಿ ಬಾಯಿಮಾತಿನಲ್ಲೇ ನಡೆಯುತ್ತದೆ. ಈಗ ಬರಹದಲ್ಲಿ ಕೊಟ್ಟಾಯಿತಲ್ಲ, ನನಗೇನೂ ಇಲ್ಲ. ನೀನು ಚಿಂತೆ ಮಾಡಬೇಡ.

ನಿನ್ನ ಕುರ್ಚಿಯ ಲೆಕ್ಕಕ್ಕೆ ನನ್ನದೊಂದು ಉತ್ತರ ಇದೆ. ರಾತ್ರಿ ಎಲ್ಲರಿಗೂ ಆಗುತ್ತದೆ. ನೈಟ್ ನಮಗೆ ಮಾತ್ರ. ನೈಟ್ ಬೀಳುತ್ತೆ, ನೈಟ್ ಮುಗಿಯುತ್ತೆ, ಒಬ್ಬರ ನೈಟನ್ನು ಇನ್ನೊಬ್ಬರು ತಗೊಳ್ತಾರೆ, ಕೈಸಾಲ ತೀರಿಸಿದ ಹಾಗೆ ವಾಪಸ್ ಕೊಡ್ತಾರೆ. ‘ನನ್ನ ರಾತ್ರಿಯನ್ನು ನೀವು ತೆಗೆದುಕೊಳ್ಳಿ’ ಅಂತ ಮೀಸೆಯವರಿಗೆ ಹೇಳಿದ್ದರೆ ಅವರ ಹೆಂಡತಿ ಮರುದಿನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಳು.

ಪುಟ್ಟಿ

*

ಜೂನ್ ೨೨

ಪುಟ್ಟಿಗೆ,

ನಿನ್ನ ಪತ್ರದ ಕೊನೆಯ ಭಾಗವನ್ನು ಮೂರು ಸಲ ಓದಿದೆ. ನಗು ಬಂದದ್ದನ್ನು ಒಪ್ಪಿಕೊಳ್ಳುತ್ತೇನೆ. ವಾದವನ್ನು ಒಪ್ಪಿಕೊಳ್ಳುವುದಿಲ್ಲ.

ಆದರೂ ನ್ಯಾಯವಾಗಿ ನಡೆಯಬೇಕೆಂದು ಒಂದು ಟಿಪ್ಪಣಿ ಪುಸ್ತಕ ತೆರೆದಿದ್ದೇನೆ. ಈ ಪದವನ್ನು ಯಾರು, ಎಲ್ಲಿ, ಯಾವ ಅರ್ಥಕ್ಕೆ ಬಳಸುತ್ತಾರೆಂದು ಎರಡು ದಿನಗಳಿಂದ ಗುರುತು ಹಾಕುತ್ತಿದ್ದೇನೆ. ಕೆಳಗಿನ ದರ್ಜಿ ‘ನೈಟ್ ಕೂತು ಹೊಲಿದುಕೊಡ್ತೀನಿ’ ಎಂದ. ಅಲ್ಲಿ ಅದು ಹೆಚ್ಚುವರಿ ದುಡಿಮೆ, ಗಿರಾಕಿಯ ಮೇಲೆ ಹೊರಿಸುವ ಉಪಕಾರ. ಮೇಲಿನ ಮನೆಯ ವಿದ್ಯಾರ್ಥಿನಿ ‘ಎರಡು ನೈಟಲ್ಲಿ ಪುಸ್ತಕ ಮುಗಿಸ್ತೀನಿ’ ಎಂದಳು. ಅಲ್ಲಿ ಅದು ಸೇರು, ಪಾವು ಇದ್ದಂತೆ ಒಂದು ಅಳತೆ. ಬೀದಿಯ ಕಾವಲುಗಾರ ‘ನೈಟ್ ಇನ್ನೂ ಬಂದಿಲ್ಲ’ ಎಂದು ಗೊಣಗುತ್ತ ಗಡಿಯಾರ ನೋಡುತ್ತಿದ್ದ. ಹೊರಗೆ ಕತ್ತಲಾಗಿತ್ತು. ಅವನು ಕಾಯುತ್ತಿದ್ದದ್ದು ತನ್ನನ್ನು ಬಿಡಿಸಬೇಕಾದ ಮನುಷ್ಯನಿಗಾಗಿ. ಪಕ್ಕದ ಮನೆಯಾಕೆ ನನ್ನ ಮಾತು ಉದ್ದವಾದಾಗಲೆಲ್ಲ ‘ಗುಡ್ ನೈಟ್’ ಎನ್ನುತ್ತಾರೆ. ಅದರಲ್ಲಿ ಶುಭವೂ ಇಲ್ಲ, ರಾತ್ರಿಯೂ ಇಲ್ಲ, ಬಾಗಿಲು ಮುಚ್ಚುತ್ತೇನೆಂಬ ಸೂಚನೆಯಷ್ಟೇ ಇದೆ. ಮೊನ್ನೆ ಅದನ್ನು ಸಂಜೆ ಐದೂವರೆಗೆ ಹೇಳಿದರು.

ಹೀಗೆ ನಾಲ್ಕು ಅರ್ಥಗಳಾದವು. ನಿನ್ನದು ಐದನೆಯದು. ನಿನ್ನ ಅರ್ಥಕ್ಕೆ ‘ಇರುಳುಸರದಿ’ ಎಂಬ ಪದವನ್ನು ಸೂಚಿಸುತ್ತೇನೆ. ನಿಮ್ಮ ಕೇಂದ್ರದಲ್ಲಿ ಬಳಸಿ ನೋಡಿ ಪರಿಣಾಮ ತಿಳಿಸು.

ಮೊಟ್ಟೆಗಳ ವಿಷಯ ಓದಿ ವ್ಯಥೆಯಾಯಿತು. ನಿನಗೆ ಸಂಬಂಧವಿಲ್ಲವಲ್ಲ, ಅದು ಸಮಾಧಾನ.

ನಿನ್ನ ಅಣ್ಣ

*

ಜೂನ್ ೩೦

ಪುಟ್ಟಿಗೆ,

ನಿನ್ನಿಂದ ಉತ್ತರವಿಲ್ಲ. ವಾರಕ್ಕೊಂದು ಪತ್ರ ತಪ್ಪಿಸದವಳು ನೀನು. ನನ್ನ ಕಳೆದ ಪತ್ರವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿಕೊಂಡೆ. ‘ಬೆಳೆದದ್ದು ನನ್ನ ಮನೆಯಲ್ಲಿ’ ಎಂದು ಅದಕ್ಕೂ ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ಚುಚ್ಚಿತೇ? ಅಥವಾ ‘ಇರುಳುಸರದಿ’ಯನ್ನು ನಿನ್ನ ಜೊತೆಯವರ ಮುಂದೆ ಆಡಿ ನಗೆಪಾಟಲಾದೆಯೇ? ಹಾಗಾಗಿದ್ದರೆ ಆ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನೀನು ‘ನೈಟ್’ ಎಂದೇ ಬರೆ. ನಾನು ಓದುವಾಗ ಕಣ್ಣು ಸ್ವಲ್ಪ ಮುಚ್ಚಿಕೊಳ್ಳುತ್ತೇನೆ. ಇದಕ್ಕಿಂತ ಕೆಳಗೆ ಇಳಿಯಲು ನನ್ನಿಂದ ಸಾಧ್ಯವಿಲ್ಲ.

ನಿನ್ನ ಅಣ್ಣ

*

ಜುಲೈ 2

ಅಣ್ಣ,

ಕೋಪ ಏನಿಲ್ಲ. ಒಂದು ವಿಷಯ ಬೇಕು, ತಕ್ಷಣ ಬೇಕು. ನಾನು ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದ ಕರಡು ನಿನ್ನ ಬಳಿ ಇರಬೇಕು. ನೀನು ಚೀಟಿ ಚೂರೂ ಬಿಸಾಡುವವನಲ್ಲ. ಅದರಲ್ಲಿ ನಾನು ಏನು ಬರೆದಿದ್ದೆ ನೋಡಿ ಹೇಳು. ಏಳರಿಂದ ಶುರು ಮಾಡಿದ್ದೆನೋ, ಎಂಟರಿಂದಲೋ? ನಾನೇ ತಪ್ಪು ಬರೆದೆನೋ ಏನೋ ಅಂತ ತಲೆ ಕೆಟ್ಟುಹೋಗಿದೆ.

ಎಂಟನೇ ತಾರೀಖಿಗೆ ವಿಚಾರಣೆ ಇದೆ. ಅಲ್ಲಿಯವರೆಗೆ ಬರಬೇಡಿ ಅಂದಿದ್ದಾರೆ. ಒಂದು ವಾರದಿಂದ ಮನೆಯಲ್ಲೇ ಇದ್ದೇನೆ. ನನ್ನ ಕೆಲಸದ ಪ್ರಶ್ನೆ, ಅಣ್ಣ. ಹೆಚ್ಚು ಕೇಳಬೇಡ, ಹೊರಟು ಬರಲೂ ಬೇಡ. ಕರಡು ನೋಡಿ ಬರೆ ಸಾಕು.

ಪುಟ್ಟಿ

*

ಜುಲೈ ೫

ಪುಟ್ಟಿಗೆ,

ನಿನ್ನ ಪತ್ರ ಬಂದು ಎರಡು ಗಂಟೆಯೂ ಆಗಿಲ್ಲ. ಕರಡು ನನ್ನ ಕಡತದಲ್ಲೇ ಇತ್ತು. ನೀನು ಬರೆದದ್ದು ಸ್ಪಷ್ಟವಾಗಿ ಹೀಗಿದೆ: ‘ಜೂನ್ 7, 8, 9, 10 ನೈಟ್ ಮಾಡಿದೀನಿ.’ ನಾನು ಅದನ್ನು ‘ಜೂನ್ ೮, ೯, ೧೦ ಮತ್ತು ೧೧ರ ರಾತ್ರಿಗಳಲ್ಲಿ ಕರ್ತವ್ಯದಲ್ಲಿದ್ದೆನು’ ಎಂದು ತಿದ್ದಿದ್ದೇನೆ. ನೀನು ತಪ್ಪು ಬರೆದೆಯೆಂದು ಮರುಗಬೇಕಾಗಿಲ್ಲ. ಆ ತಪ್ಪನ್ನು ನಾನು ಆಗಲೇ ಸರಿಪಡಿಸಿಯಾಗಿದೆ.

ಕಾರಣ ಸರಳ. ರಾತ್ರಿಯು ಮುಂದಿನ ದಿನಕ್ಕೆ ಸೇರಿದ್ದು. ನಮ್ಮ ಪತ್ರಿಕೆಯಲ್ಲಿ ಏಳನೆಯ ತಾರೀಖು ಸಂಜೆ ಆರಕ್ಕೆ ಕೆಲಸಕ್ಕೆ ಕುಳಿತವನು ಕೈಗೆತ್ತಿಕೊಳ್ಳುವ ಮೊದಲ ಹಾಳೆಯ ನೆತ್ತಿಯ ಮೇಲೆ ಎಂಟು ಎಂದೇ ಇರುತ್ತದೆ. ಏಳೆಂದು ಉಳಿದಿದ್ದರೆ ಮರುದಿನ ಊರೆಲ್ಲ ಹಳೆಯ ಪತ್ರಿಕೆ ಓದುತ್ತದೆ. ನನ್ನ ಮೊದಲ ವಾರದಲ್ಲೇ ಇಂಥದೊಂದು ತಪ್ಪಿ, ಮುಖ್ಯಸ್ಥರು ಎಲ್ಲರೆದುರು ‘ತಮ್ಮ, ದೀಪ ಹಚ್ಚಿದ ಮೇಲೆ ನಾಳೆಯೇ ಇವತ್ತು, ನೆನಪಿಟ್ಕೋ’ ಎಂದಿದ್ದರು. ಅಂದಿನಿಂದ ದೀಪ ಹಚ್ಚಿದ ಮೇಲೆ ನಾನು ಬರೆಯುವ ತಾರೀಖು ಮರುದಿನದ್ದು. ಆದ್ದರಿಂದ ನಿನ್ನ ಏಳು ಎಂಟಾಯಿತು, ಹತ್ತು ಹನ್ನೊಂದಾಯಿತು.

ಇಷ್ಟು ಬರೆದು ಲೇಖನಿ ಕೆಳಗಿಟ್ಟು ನಿನ್ನ ಹತ್ತೊಂಬತ್ತನೆಯ ತಾರೀಖಿನ ಪತ್ರವನ್ನು ತೆಗೆದು ಮತ್ತೆ ಓದಿದೆ. ಮೊದಲ ಸಲ ನಾನು ಅದರ ಕೊನೆಯ ಭಾಗವನ್ನಷ್ಟೇ ಗಮನವಿಟ್ಟು ಓದಿದ್ದೆ. ‘ಹನ್ನೊಂದನೇ ತಾರೀಖಿನ ನೈಟ್’ ಎಂದು ನೀನು ಬರೆದಿದ್ದೀಯೆ. ಅಂದು ಮೀಸೆಯವರಿದ್ದರು ಎಂದೂ ಬರೆದಿದ್ದೀಯೆ. ನಾನು ಅದೇ ಹನ್ನೊಂದನ್ನು ನಿನ್ನ ಹೆಸರಿಗೆ ಬರೆದು ಸಹಿಗೆ ಕಳುಹಿಸಿದ್ದೇನೆ.

ಪುಟ್ಟಿ, ನಿಮ್ಮಲ್ಲಿ ನೈಟ್ ಯಾವ ತಾರೀಖಿಗೆ ಸೇರುತ್ತದೆ? ಶುರುವಾಗುವ ದಿನಕ್ಕೋ, ಮುಗಿಯುವ ದಿನಕ್ಕೋ? ಒಂದು ಸಾಲು ಬರೆದು ಕೇಳಬಹುದಿತ್ತು. ಕೇಳದೆ ತಿದ್ದಿದೆ.

ಕರಡನ್ನು ಕೆಂಪು ಗುರುತುಗಳ ಸಮೇತ ಇದರೊಳಗೆ ಇಟ್ಟಿದ್ದೇನೆ. ಅದರ ಮೇಲಿನ ಪ್ರತಿಯೊಂದು ಕೆಂಪು ಗುರುತೂ ನನ್ನದೆಂದು ಕೆಳಗೆ ಸಹಿ ಮಾಡಿದ್ದೇನೆ. ಬೇಕಾದವರಿಗೆ ತೋರಿಸು. ಈ ಪತ್ರವನ್ನೂ ತೋರಿಸು. ಬರಬೇಡವೆಂದಿದ್ದೀಯೆ, ಬರುವುದಿಲ್ಲ. ಕೊನೆಯ ಟಪಾಲಿಗೆ ಓಡುತ್ತಿದ್ದೇನೆ.

ಅಣ್ಣ

*

ಜುಲೈ 9

ಅಣ್ಣನಿಗೆ,

ಮೊದಲು ಮುಖ್ಯ ಮಾತು. ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ. ನೀನು ಈಗ ಉಸಿರು ಬಿಡು. ಉಳಿದದ್ದನ್ನು ಕುಳಿತು ಓದು.

ಜೂನ್ ಇಪ್ಪತ್ತನಾಲ್ಕರಂದು ಮ್ಯಾನೇಜರ್ ಕರೆದು ನೋಟೀಸು ಕೊಟ್ಟರು. ಹನ್ನೊಂದು ನನ್ನದಲ್ಲ ಅಂದೆ. ಅವರು ನಿನ್ನ ಶುದ್ಧಪ್ರತಿಯನ್ನು ಮೇಜಿನ ಮೇಲೆ ಹರಡಿ, ‘ಬಾಯಲ್ಲಿ ಹಾಗಂತೀರಿ, ಕೈಯಲ್ಲಿ ಹೀಗೆ ಬರೆದಿದ್ದೀರಿ. ಪಟ್ಟಿಯೂ ಇದನ್ನೇ ಹೇಳುತ್ತೆ. ನಾನು ಯಾವುದನ್ನ ನಂಬಲಿ?’ ಅಂದರು. ನೋಡಿದರೆ ಎಂಟು, ಒಂಬತ್ತು, ಹತ್ತು, ಹನ್ನೊಂದು. ಕೆಳಗೆ ನನ್ನ ಸಹಿ. ನೀನು ತಪ್ಪು ಮಾಡಿರಬಹುದು ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನೇ ಕರಡಿನಲ್ಲಿ ಎಡವಟ್ಟು ಮಾಡಿದೆ ಅಂದುಕೊಂಡೆ. ಅದಕ್ಕೇ ನಿನಗೆ ಹೇಳಲು ನಾಚಿಕೆಯಾಯಿತು. ಇನ್ನೊಂದು ಭಯವೂ ಇತ್ತು. ಆ ನೋಟೀಸಿನಲ್ಲಿ ಆರು ಕಾಗುಣಿತದ ತಪ್ಪಿದ್ದವು. ನೀನು ಬಂದಿದ್ದರೆ ಮೊದಲು ಅದನ್ನು ತಿದ್ದಿ ಅವರ ಕೈಗೆ ಕೊಡುತ್ತಿದ್ದೆ. ಆಮೇಲೆ ನನ್ನನ್ನು ದೇವರೂ ಕಾಪಾಡುತ್ತಿರಲಿಲ್ಲ.

ಆ ಎರಡು ವಾರ ಹೇಗೆ ಕಳೆದೆ ಅಂತ ಬರೆಯುವುದಿಲ್ಲ. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಬಾಗಿಲು ತೆರೆಯುವ ಮೊದಲೇ ಮಷೀನಿನ ಸದ್ದು ಕೇಳಿ ಶಾಖ ಸರಿಯಿದೆಯೋ ಇಲ್ಲವೋ ಹೇಳುತ್ತಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಇರುವಾಗ, ಮೊಟ್ಟೆ ಸಾಯಿಸಿದವಳು ಅನ್ನಿಸಿಕೊಂಡು ಹೊರಗೆ ಬರಬೇಕಲ್ಲ ಅಂತ ಊಟ ಸೇರುತ್ತಿರಲಿಲ್ಲ. ಇದರ ನಡುವೆ ಮೀಸೆಯವರು ದಿನ ಬಿಟ್ಟು ದಿನ ಮನೆಗೆ ಬಂದು ಹಣ್ಣು ಕೊಟ್ಟು, ಏನೂ ಮಾತಾಡದೆ ಕುಳಿತು ಹೋಗುತ್ತಿದ್ದರು. ತಪ್ಪು ಮಾಡಿದವರಿಗೆ ಹಣ್ಣು ತರುವುದು ಸುಲಭ ಅಂತ ಒಳಗೇ ಬೈದುಕೊಳ್ಳುತ್ತಿದ್ದೆ.

ನಿನ್ನ ಕಾಗದ ಏಳಕ್ಕೆ ಬಂತು. ನಿನ್ನೆ ವಿಚಾರಣೆಗೆ ಅದನ್ನೂ ಕರಡನ್ನೂ ತಗೊಂಡು ಹೋದೆ. ಮ್ಯಾನೇಜರ್ ಕರಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಪೆನ್ಸಿಲ್ಲಿನ ಏಳರ ಮೇಲೆ ನಿನ್ನ ಕೆಂಪು ಗೆರೆ, ಪಕ್ಕದಲ್ಲಿ ಎಂಟು. ಕಾಗದವನ್ನು ಗಟ್ಟಿಯಾಗಿ ಓದಿದರು. ‘ನಾಳೆಯೇ ಇವತ್ತು’ ಅನ್ನುವಲ್ಲಿ ನಿಲ್ಲಿಸಿ, ಇದು ಈಗ ಕೂತು ಬರೆಸಿಕೊಂಡಿದ್ದಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ ಅಂದರು.

ಆಗ ಪಕ್ಕದಲ್ಲಿದ್ದ ಟಪಾಲಿನ ಗುಮಾಸ್ತೆ ಲಕೋಟೆ ತಗೊಂಡು ತಿರುಗಿಸಿ ನೋಡಿ, ‘ಸರ್, ಈ ಕಾಗದ ಐದನೇ ತಾರೀಖು ಬರೆದಿದ್ದು. ನಾಲ್ಕನೇ ತಾರೀಖೇ ಅಂಚೆ ಮೊಹರು ಬಿದ್ದಿದೆ’ ಅಂದಳು. ಮತ್ತೆ ನನ್ನ ಕಡೆ ತಿರುಗಿ ಹಳೆಯ ಲಕೋಟೆ ಇದೆಯಾ ಅಂತ ಕೇಳಿದಳು. ಇದ್ದವು. ಚೀಲದಲ್ಲೇ ಮೂರು ಇದ್ದವು. ಮೂರರಲ್ಲೂ ಒಳಗಿನ ತಾರೀಖು ಮೊಹರಿಗಿಂತ ಒಂದು ದಿನ ಮುಂದೆ. ‘ಇವರಣ್ಣ ಬರೆಯೋ ಮೊದಲೇ ಕಾಗದ ಹೊರಟುಬಿಡುತ್ತೆ ಸರ್’ ಅಂದಳು. ಮ್ಯಾನೇಜರ್ ನಕ್ಕಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೋಡಿದೆ. ಇಷ್ಟು ದಿನ ನಾನು ನಿಮ್ಮೂರಿನ ಅಂಚೆ ಭಾರಿ ಚುರುಕು ಅಂತ ಎಲ್ಲರ ಮುಂದೆ ಹೊಗಳಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಮೀಸೆಯವರು ತಾವಾಗಿಯೇ ಮುಂದೆ ಬಂದರು. ‘ಹನ್ನೊಂದರ ನೈಟ್ ನಂದೇ ಸರ್. ಕಣ್ಣು ಹತ್ತಿಬಿಟ್ಟಿತ್ತು. ಅಕ್ಕ ಬರೆದುಕೊಟ್ಟಿದ್ದು ನೋಡಿ, ನನ್ನ ಮಕ್ಕಳ ಮುಖ ನೋಡಿ ತಾವೇ ಹೊತ್ಕೊಂಡ್ರು ಅಂದುಕೊಂಡೆ. ಬೇಡ ಅಕ್ಕ ಅನ್ನೋ ಧೈರ್ಯ ಬರಲಿಲ್ಲ’ ಅಂದರು.

ಅಣ್ಣ, ನಾನು ಆ ಮನುಷ್ಯನನ್ನು ಎರಡು ವಾರ ಬೈದುಕೊಂಡೆ. ಅವರು ಎರಡು ವಾರ ನನ್ನನ್ನು ದೇವತೆ ಅಂದುಕೊಂಡಿದ್ದರು. ಇಬ್ಬರದೂ ಸುಳ್ಳು. ನನಗೆ ಅವರ ಮುಖ ನೋಡಲಾಗಲಿಲ್ಲ.

ಇನ್ನು ಅವರ ಕೆಲಸ ಹೋಯಿತು ಅಂದುಕೊಂಡೆ. ಹೋಗಲಿಲ್ಲ. ಶಾಖ ಇಳಿದರೆ ಬಡಿದುಕೊಳ್ಳಬೇಕಾದ ಗಂಟೆ ಮೂರನೇ ಮಷೀನಿನಲ್ಲಿ ಕೆಟ್ಟು ನಾಲ್ಕು ತಿಂಗಳಾಗಿತ್ತು. ಕೆಟ್ಟಿದೆ ಅಂತ ಬರೆದುಕೊಟ್ಟವರು ಮೀಸೆಯವರೇ. ಆ ಅರ್ಜಿ ಮ್ಯಾನೇಜರ ಕಡತದಲ್ಲೇ ಸಿಕ್ಕಿತು. ಅವರು ಅದನ್ನು ಓದಿ, ಮಡಿಚಿ, ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಸಿದರು. ಗಂಟೆ ಇವತ್ತು ರಿಪೇರಿಯಾಯಿತಂತೆ. ಪರೀಕ್ಷೆ ಮಾಡಲು ಬಾರಿಸಿದರೆ ಎರಡು ಬೀದಿಗೆ ಕೇಳಿಸಿತಂತೆ.

ನಮ್ಮಲ್ಲಿ ನೈಟ್ ಶುರುವಾಗುವ ದಿನಕ್ಕೆ ಸೇರುತ್ತದೆ. ನಾನೂ ಮೊದಲೇ ಹೇಳಬಹುದಿತ್ತು. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ನೀನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೆ ನೀನು ಕೊರಗುತ್ತಾ ಕೂರಬೇಡ. ನಿನ್ನ ತಪ್ಪಿನಿಂದ ಸಿಕ್ಕಿಹಾಕಿಕೊಂಡೆ, ನೀನು ಅದನ್ನು ಸಮರ್ಥಿಸಿಕೊಂಡು ಬರೆದಿದ್ದರಿಂದ ಬಿಡುಗಡೆಯಾದೆ. ಲೆಕ್ಕ ಚುಕ್ತಾ.

ನಾಳೆ ನನಗೆ ನೈಟ್. ಇಷ್ಟು ಸಂತೋಷದಿಂದ ಈ ಮಾತನ್ನು ಯಾವತ್ತೂ ಬರೆದಿರಲಿಲ್ಲ.

ಪುಟ್ಟಿ

*

ಜುಲೈ ~~೧೨~~ ೧೧

ಪುಟ್ಟಿಗೆ,

ನಿನ್ನ ಪತ್ರದ ಮೊದಲ ಸಾಲನ್ನು ಓದಿ ನಿಜವಾಗಿಯೂ ಕುಳಿತುಕೊಂಡೆ. ಲಕೋಟೆಯನ್ನು ಬಾಗಿಲಲ್ಲೇ ಹರಿದಿದ್ದರಿಂದ ಕುಳಿತದ್ದು ಮೆಟ್ಟಿಲ ಮೇಲೆ. ಪಕ್ಕದ ಮನೆಯಾಕೆ ಏನಾಯಿತೆಂದು ಓಡಿಬಂದರು. ‘ತಂಗಿಗೆ ನೈಟ್ ಸಿಕ್ಕಿತು’ ಎಂದೆ. ನನ್ನ ಬಾಯಿಂದ ಆ ಪದ ಕೇಳಿ ಅವರಿಗೆ ಗಾಬರಿ ಹೆಚ್ಚಾಯಿತು. ನೀರು ತಂದುಕೊಟ್ಟರು.

ಈ ಏಳು ದಿನ ನಾನು ಕರಡಚ್ಚಿನ ಹಾಳೆ ಮುಂದಿದ್ದರೂ ಒಂದಕ್ಷರ ನೋಡಲಾರದವನಂತೆ ಇದ್ದೆ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿ ಮರೆಯುತ್ತಿದ್ದೆವು. ಯಾರದೋ ಬದುಕಿನಲ್ಲಿ ಬಿದ್ದ ನನ್ನ ತಪ್ಪಿಗೆ ಯಾವ ಮೂಲೆಯಲ್ಲಿ ಜಾಗ ಹುಡುಕಬೇಕೋ ತಿಳಿಯಲಿಲ್ಲ. ಆ ಟಪಾಲಿನ ಗುಮಾಸ್ತೆಗೆ ನನ್ನ ನಮಸ್ಕಾರ ತಿಳಿಸು. ಕರಡು ತಿದ್ದುವ ಕೆಲಸಕ್ಕೆ ಅಂಥ ಕಣ್ಣು ಬೇಕು. ಮೀಸೆಯವರಿಗೆ ಹಣ್ಣು ಕೊಂಡುಹೋಗುವ ಸರದಿ ಈಗ ನಿನ್ನದು. ನನ್ನ ಪಾಲಿನದನ್ನೂ ಸೇರಿಸಿ ಕೊಂಡುಹೋಗು.

ಟಿಪ್ಪಣಿ ಪುಸ್ತಕದಲ್ಲಿ ನಿನ್ನ ಅರ್ಥವನ್ನು ಐದನೆಯ ಸ್ಥಾನದಿಂದ ಮೊದಲನೆಯದಕ್ಕೆ ಏರಿಸಿದ್ದೇನೆ: ‘ನೈಟ್: ಒಬ್ಬರು ಎಚ್ಚರವಾಗಿದ್ದು ಕಾಯುವ ಹೊತ್ತು. ಶುರುವಾಗುವ ದಿನಕ್ಕೆ ಸೇರಿದ್ದು. ಕೊಡಬಹುದು, ಪಡೆಯಬಹುದು.’ ‘ಇರುಳುಸರದಿ’ಯನ್ನು ಹೊಡೆದುಹಾಕಿದ್ದೇನೆ.

ಮೂವತ್ತೊಂಬತ್ತು ವರ್ಷದ ರೂಢಿ ಇನ್ನೆಲ್ಲೆಲ್ಲಿ ಕೈಯಾಡಿಸಿದೆಯೋ ಎಂದು ಕಡತಗಳನ್ನೆಲ್ಲ ನಿನ್ನೆ, ಇವತ್ತು ಕೆಳಗಿಳಿಸಿ ನೋಡಿದೆ. ದೊರೆತಷ್ಟನ್ನು ಕೆಳಗೆ ಸರಿಪಡಿಸಿದ್ದೇನೆ. ನೀನು ಈ ಸಲವಾದರೂ ಓದು.

ಜೂನ್ ೮, ೯, ೧೦, ೧೧: ನಿನ್ನ ನೈಟ್‌ಗಳು. ಸರಿಯಾದದ್ದು ಜೂನ್ ೭, ೮, ೯, ೧೦.

ಜೂನ್ ೧೭, ಜೂನ್ ೨೨, ಜೂನ್ ೩೦, ಜುಲೈ ೫: ನಿನಗೆ ಬರೆದ ಪತ್ರಗಳು. ಸರಿಯಾದದ್ದು ಜೂನ್ ೧೬, ಜೂನ್ ೨೧, ಜೂನ್ ೨೯, ಜುಲೈ ೪. ಅದಕ್ಕೂ ಹಿಂದಿನ ಪತ್ರಗಳೆಲ್ಲವನ್ನೂ ಹೀಗೆಯೇ ಒಂದೊಂದು ದಿನ ಹಿಂದಕ್ಕೆ ಎಣಿಸಿಕೊಳ್ಳುವುದು.

ಮಾರ್ಚ್ ೧: ನಾನು ಪತ್ರಿಕೆಯ ಕೆಲಸದಿಂದ ನಿವೃತ್ತನಾದದ್ದು ಎಂದು ಎಲ್ಲರಿಗೂ ಹೇಳುತ್ತ ಬಂದ ದಿನ. ಸರಿಯಾದದ್ದು ಫೆಬ್ರವರಿ ೨೮. ಅಂದರೆ ಮಾರ್ಚ್ ಒಂದರಂದು ಆ ಮೇಜಿನಲ್ಲಿ ಬೇರೊಬ್ಬರಿದ್ದರು. ಇಷ್ಟು ವರ್ಷ ನಾನು ಅವರ ಕುರ್ಚಿಯಲ್ಲಿ ಕುಳಿತಿದ್ದೆ.

ನವೆಂಬರ್ ೧೯: ನಿನ್ನ ಹುಟ್ಟಿದ ದಿನ. ಆಗ ನನಗೆ ಹತ್ತೊಂಬತ್ತು, ಪತ್ರಿಕೆ ಸೇರಿ ಎರಡೇ ತಿಂಗಳಾಗಿತ್ತು. ಮನೆಯ ಪುಸ್ತಕದಲ್ಲಿ ಬರೆದಿಡು ಎಂದು ಅಮ್ಮ ಹೇಳಿದರು, ಬರೆದೆ. ಶಾಲೆಯವರೂ ಕಚೇರಿಯವರೂ ಅದನ್ನೇ ನಕಲು ಮಾಡಿಕೊಂಡರು. ಅವರ ಕಾಗದಗಳಲ್ಲಿ ಅದು ಹಾಗೆಯೇ ಇರಲಿ, ಇನ್ನು ಯಾರ ದಾಖಲೆಯನ್ನೂ ನಾನು ಮುಟ್ಟುವುದಿಲ್ಲ. ಸರಿಯಾದದ್ದು ನವೆಂಬರ್ ೧೮. ನಿನ್ನನ್ನು ಮೊದಲು ನನ್ನ ಕೈಗೆ ಕೊಟ್ಟಾಗ ಗೋಡೆಯ ಗಡಿಯಾರದಲ್ಲಿ ರಾತ್ರಿ ಹತ್ತು ಗಂಟೆ ಇಪ್ಪತ್ತು ನಿಮಿಷ ಆಗಿತ್ತು.